ಬುರ್ರೋ ಅಂದರೆ ಬೆಣ್ಣೆ

ಚಿಕ್ಕಮ್ಮನ ಮಗಳು ಇಟಲಿಗೆ ಹೊರಟಾಗ ನಾನು ಮಂಡ್ಯದಲ್ಲಿ ಸ್ಪ್ಯಾನಿಷ್ ಪಾಠ ಹೇಳುತ್ತಿದ್ದೆ. ಮಳವಳ್ಳಿಯಲ್ಲಿ ನರ್ಸಿಂಗ್ ಓದಿದ್ದ ಅವಳಿಗೆ ಅಲ್ಲೊಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಇಟಾಲಿಯನ್ ನನಗೆ ಬಾರದು. ಆದರೂ "ಎರಡೂ ಲ್ಯಾಟಿನ್ ಮಕ್ಕಳು ಕಣೇ, ಒಂದು ಬಂದ್ರೆ ಇನ್ನೊಂದು ಬಂದಂಗೇಯ" ಎಂದು ಜಂಬ ಕೊಚ್ಚಿ, ಎರಡು ತಿಂಗಳು ಸ್ಪ್ಯಾನಿಷ್ಷನ್ನೇ ಕಲಿಸಿ ಕಳಿಸಿದೆ. ಪ್ರಾಣಿಗಳ ಹೆಸರು ಹೇಳಿಕೊಡುವಾಗ ಬುರ್ರೋ ಅಂದರೆ ಕತ್ತೆ ಎಂದಿದ್ದೆ.

ನಾಲ್ಕೇ ತಿಂಗಳಿಗೆ ಅವಳನ್ನು ವಾಪಸ್ ಕಳಿಸಿದರು. ಹೇಳಿದ ಮಾತು ಕೇಳುವುದಿಲ್ಲ, ಸದಾ ಮುಖ ಊದಿಸಿಕೊಂಡಿರುತ್ತಾಳೆ ಎಂಬುದು ಆ ಮನೆಯವರ ದೂರು. ನೋಡಲು ಮಳವಳ್ಳಿಗೆ ಹೋದೆ. ಚಿಕ್ಕಮ್ಮ ಕಾಫಿ ತಂದಿಟ್ಟು ಒಳಗೆ ಹೋದರು.

"ಏನಾಯ್ತೇ?" ಎಂದೆ.

"ದಿನಾ ಬೆಳಿಗ್ಗೆ ಆಯಮ್ಮ ನನ್ನ ಕತ್ತೆ ಅನ್ನೋಳು ಕಣಕ್ಕ. ಬುರ್ರೋ, ಬುರ್ರೋ ಅಂತ ಬೆಟ್ಟು ತೋರ್ಸೋಳು. ನಾನು ತಲೆ ಬಗ್ಗಿಸ್ಕಂಡು ಈಚೆಗೆ ಬಂದ್‌ಬುಡ್ತಿದ್ದೆ."

"ನಿನ್ನ ಕಡೆಗೇ ತೋರಿಸ್ತಿದ್ಲಾ?"

ಅವಳು ಸ್ವಲ್ಪ ಯೋಚಿಸಿದಳು. "ಫ್ರಿಜ್ಜಿನ ಕಡೆಗೆ. ನಾನು ಅದ್ರ ಪಕ್ಕದಲ್ಲೇ ನಿಂತಿರ್ತಿದ್ದೆ. ಆಯಮ್ಮನ ಕೈಲಿ ಬ್ರೆಡ್ಡು ಇರೋದು."

ಮೊಬೈಲ್ ತೆಗೆದು ಹುಡುಕಿದೆ. ಇಟಾಲಿಯನ್ನಿನಲ್ಲಿ ಬುರ್ರೋ ಅಂದರೆ ಬೆಣ್ಣೆ. ಲ್ಯಾಟಿನ್ನಿನಲ್ಲಿ ಬೆಣ್ಣೆಗೆ ಒಂದು ಪದವಿತ್ತು, ಕುಳ್ಳ ಕುದುರೆಗೆ ಇನ್ನೊಂದು. ಅದು ಇಟಲಿಯಲ್ಲಿ ಸವೆದು, ಇದು ಸ್ಪೇನಿನಲ್ಲಿ ಸವೆದು, ಕೊನೆಗೆ ಎರಡೂ ಒಂದೇ ರೂಪಕ್ಕೆ ಬಂದು ನಿಂತಿವೆ. ಪಾಪ, ಮುದುಕಿ ಬ್ರೆಡ್ಡಿಗೆ ಬೆಣ್ಣೆ ಕೇಳುತ್ತಿದ್ದಳು.

ಮುಚ್ಚಿಡಬಹುದಿತ್ತು. ಹೇಳಿಬಿಟ್ಟೆ. ನಗುತ್ತಾಳೇನೋ ಎಂಬ ಆಸೆ ನನಗೆ. ಅವಳು ನಗಲಿಲ್ಲ.

"ವಾರವಾರ ಫೋನ್ ಮಾಡ್ತಿದ್ದೆಯಲ್ಲ, ಒಂದು ಮಾತು ಕೇಳಬಾರದಾಗಿತ್ತಾ?" ಎಂದೆ. ಆಗಲೂ ತಪ್ಪನ್ನು ಅವಳ ಮೇಲೆ ಹಾಕಲು ನೋಡಿದ್ದೆ.

"ಏನಂತ ಕೇಳ್ಲಿ? ಹೇಳ್ಕೊಟ್ಟೋಳೇ ನೀನು. ಮನೆ ಕೆಲ್ಸಕ್ಕೆ ಬಂದೋರ್ನ ಹಂಗೇ ಅಂತಾರೆ ಅನ್ಕಂಡೆ. ಇಲ್ಲಿ ಹಂಗೆ ಅನ್ನಾಕಿಲ್ವಾ?"

ಪದ ತಪ್ಪಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ನಾಲ್ಕು ತಿಂಗಳು ಪ್ರತಿದಿನ ಬೈಸಿಕೊಳ್ಳುತ್ತಿದ್ದೇನೆಂದು ನಂಬಿಯೂ, ಅದು ದೂರು ಹೇಳುವಷ್ಟು ದೊಡ್ಡ ಸಂಗತಿ ಎಂದು ಅವಳಿಗೆ ಅನಿಸಿರಲಿಲ್ಲ.

ಈಗ ಅವಳು ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನನ್ನ ಫೋನ್ ಎತ್ತುವುದಿಲ್ಲ. ಹೋದ ತಿಂಗಳು ಅವಳ ತಂಗಿ ಜರ್ಮನ್ ಕಲಿಯಬೇಕು ಅಂದಳಂತೆ. ಒಳ್ಳೆಯ ಮೇಷ್ಟ್ರನ್ನು ಹುಡುಕಿಕೊಡುತ್ತೇನೆಂದು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ನೀನು ಸುಮ್ಕಿರವ್ವ, ಸಾಕು" ಎಂದು ಫೋನಿಟ್ಟರು.