ಖಾಲಿ ಫೋಲ್ಡರುಗಳು

ಶಾಂತಕ್ಕ, ತೀರಿಹೋದ ನಿಮ್ಮ ಅಮ್ಮನ ದನಿಯಲ್ಲೇ ರೆಕಾರ್ಡ್ ಆಗಿದ್ದ ಹಾಡುಗಳನ್ನು ಅಳಿಸಿದವನು ನಾನು. ಡಿಸ್ಕ್ ಕೆಟ್ಟಿತ್ತು ಎಂದಿದ್ದೆನಲ್ಲ — ಅದು ಸುಳ್ಳು. ಡಿಸ್ಕ್ ಚೆನ್ನಾಗಿಯೇ ಇತ್ತು.

ಹಳೆಯ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಹಾಕಿಕೊಡು ಎಂದು ನೀವು ಕೇಳಿದಿರಿ. ಕೈಯಿಂದಲೇ ಕಾಪಿ ಮಾಡಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ನಾನು ಆಗಷ್ಟೇ ದೊಡ್ಡನೆಕ್ಕುಂದಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಪನಿಗೆ ಐಶ್ವರ್ಯ ಬಂದ ಹಾಗೆ. ಬಟನ್ ಒತ್ತಿದರೆ ಫೋಲ್ಡರು, ಅದರೊಳಗಿನ ಫೋಲ್ಡರು, ಎಲ್ಲವೂ ತಾನಾಗಿ ಕಾಪಿಯಾಗುವ ಪ್ರೋಗ್ರಾಂ ಒಂದನ್ನು ನಾನೇ ಬರೆದೆ. ಅದು ಒಳಗಿನ ಫೋಲ್ಡರುಗಳ ಹೆಸರನ್ನಷ್ಟೇ ಹೊಸ ಕಂಪ್ಯೂಟರಿನಲ್ಲಿ ಸೃಷ್ಟಿಸಿತು, ಅವುಗಳ ಒಳಕ್ಕೆ ಹೋಗಲಿಲ್ಲ. ಹೋಗು ಎಂದು ಹೇಳುವ ಒಂದು ಸಾಲು ಬರೆಯುವುದನ್ನೇ ಮರೆತಿದ್ದೆ. ಬೀಸೋ ಪದ, ಆರತಿ ಹಾಡು, ತೊಟ್ಟಿಲು — ಹೆಸರುಗಳೆಲ್ಲ ಇದ್ದವು. ಒಂದನ್ನಾದರೂ ತೆರೆದು ನೋಡಲಿಲ್ಲ. ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗೆ ಕೊಟ್ಟು ಬಂದೆ.

ಮೂರನೆಯ ದಿನ ನೀವು ಕರೆದು ಒಂದೊಂದೇ ಫೋಲ್ಡರು ತೆರೆದು ತೋರಿಸಿದಿರಿ. ಎಲ್ಲ ಖಾಲಿ.

“ಡಿಸ್ಕ್ ಮೊದ್ಲೇ ಹೋಗಿತ್ತು ಅನ್ಸುತ್ತೆ ಅಕ್ಕ,” ಎಂದೆ.

“ಅಯ್ಯೋ, ನಾನೇ ಒದ್ದೆ ಬಟ್ಟೇಲಿ ಒರೆಸಿದ್ದೆ ಕಣೋ. ಅದಕ್ಕೇ ಹಿಂಗಾಯ್ತೇನೋ?”

ಅಲ್ಲ ಎನ್ನಬಹುದಿತ್ತು — “ಇರ್ಬೋದಕ್ಕ,” ಎಂದುಬಿಟ್ಟೆ. ನೀವು ಬೈಯಲಿಲ್ಲ. ಕಾಫಿ ಕೊಟ್ಟಿರಿ, ನಾನು ಕುಡಿದೆ.

ಆರು ವರ್ಷವಾಯಿತು. ಈಗಲೂ ಸಂಜೆ ಆಫೀಸಿನಿಂದ ಬಂದು ನಮ್ಮ ಬಾಗಿಲು ತೆರೆಯುವಾಗ, ಮಹಡಿಯ ಮೇಲಿನ ನಿಮ್ಮ ಮನೆಯ ಕಡೆಗೆ ಕಿವಿ ಹೋಗುತ್ತದೆ. ಮೊದಲೆಲ್ಲ ಆ ಹೊತ್ತಿಗೆ ನೀವು ಹಾಡು ಹಾಕಿಕೊಂಡು ಹೂ ಕಟ್ಟುತ್ತಿದ್ದಿರಿ. ಕೆಳಗೆ ನಾನು ಪರೀಕ್ಷೆಗೆ ಓದುತ್ತಿದ್ದೆ. ಹಾಡಿನ ನಡುವೆ ಅಜ್ಜಿ, ಅಂದರೆ ನಿಮ್ಮ ಅಮ್ಮ, ಕೆಮ್ಮಿ, “ತಡಿ, ಮರ್ತೇ ಹೋಯ್ತು,” ಎಂದು ನಗುತ್ತಿದ್ದರು. ಆ ನಗು ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತದೆ ಅಕ್ಕ. ಕೆಳಗಿನ ಮನೆಯವನಾದ ನನಗೇ ಹೀಗಾದರೆ, ನಿಮಗೆ —

ಕಳೆದ ವಾರ ನಿಮ್ಮ ಮೊಮ್ಮಗಳ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಡಲು ಬಂದಿದ್ದೆ. ನೀವೇ ತೆರೆದು ನೋಡಿ ಎಂದು ಕುರ್ಚಿ ಎಳೆದರೆ ಹಿಂದೆ ಸರಿದಿರಿ.

“ನಾನು ಮುಟ್ಟಲ್ಲಪ್ಪ. ಅಮ್ಮನ್ನೇ ಕಳ್ದೋಳು ನಾನು.”

ನೀವದನ್ನು ನಗುತ್ತಲೇ ಹೇಳಿದಿರಿ. ಆಗಲೂ ನಾನು ಫೋಟೋಗಳನ್ನಷ್ಟೇ ತೆರೆದು ತೋರಿಸಿ ಕೆಳಗಿಳಿದು ಬಂದೆ.

ಹಾಡುಗಳನ್ನು ತಂದುಕೊಡಲಾರೆ. ಕ್ಷಮಿಸಿ ಎನ್ನುವ ಮುಖವೂ ನನಗಿಲ್ಲ. ಭಾನುವಾರ ಬೆಳಿಗ್ಗೆ ಮಹಡಿ ಹತ್ತಿ ಬಂದು, ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಓಡಿಹೋಗದೆ, ಎದುರಿಗೆ ನಿಂತು ನಾನೇ ಓದುತ್ತೇನೆ. ಅಮ್ಮನನ್ನು ಕಳೆದದ್ದು ನೀವಲ್ಲ ಅಕ್ಕ.