ನಡೆದಾಗ ನೋಯುವ ಹಲ್ಲು

ಮೊನ್ನೆ ಮೊಮ್ಮಗಳ ಹಲ್ಲುನೋವಿಗೆಂದು ಸೊಸೆ ಲವಂಗದೆಣ್ಣೆಯ ಶೀಶೆ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ನಲವತ್ತು ವರ್ಷವಾದರೂ ಅದು ನನಗೆ ಆಗಿಬರುವುದಿಲ್ಲ.

ಆಗ ನೇಸರಗಿಯ ಸಾಲೆಯಲ್ಲಿ ಒಬ್ಬ ಹೆಡ್ ಮಾಸ್ತರರಿದ್ದರು, ನಾನು ಅವರ ಕೈಕೆಳಗಿನ ಮಾಸ್ತರ. ನಮ್ಮ ಕಡೆ ಆಗಿನ್ನೂ ಮೋಟಾರು ಬಂದಿರಲಿಲ್ಲ. ನನ್ನ ಊಟ ಅವರ ಮನೆಯಲ್ಲೇ. ಅವರ ಹೆಂಡತಿಯನ್ನು ವೈನಿ ಎನ್ನುತ್ತಿದ್ದೆ. ಮಾಸ್ತರರಿಗೆ ಐವತ್ತು ದಾಟಿರಲಿಲ್ಲ. ಸಾಲೆಯ ಹೊತ್ತು ಬಿಟ್ಟರೆ ಬಾಯಲ್ಲಿ ಸದಾ ಚುಟ್ಟಾ.

ಆ ವರ್ಷ ಸುಗ್ಗಿಯ ಹೊತ್ತಿಗೆ ಒಂದು ವಿಚಿತ್ರ ಶುರುವಾಯಿತು. ಸಾಲೆಯ ಏರು ಹತ್ತುವಾಗ ನಡುದಾರಿಯಲ್ಲಿ ನಿಂತು ಎಡದವಡೆ ಒತ್ತಿ ಹಿಡಿಯುತ್ತಿದ್ದರು. ತುಸು ಕೂತರೆ ನೋವು ಮಾಯ. ಎದ್ದು ಹೊರಟರೆ ಮತ್ತೆ ಹಾಜರ್. “ಇದೆಂಥಾ ಹಲ್ಲೋ ತಮ್ಮಾ, ನಡದಾಗ ಅಷ್ಟ ನೋಯತೈತಿ,” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕೆಟ್ಟ ಹಲ್ಲು, ಕೀಳಿಸಿಬಿಡಿ ಎಂದು ವಾರಗಟ್ಟಲೆ ಬೆನ್ನುಹತ್ತಿದವನೂ ನಾನೇ. ವೈನಿಗೆ ಮನಸ್ಸಿರಲಿಲ್ಲ. ಕಡೆಗೆ ಊರಲ್ಲಿ ಹಲ್ಲು ಕೀಳುತ್ತಿದ್ದ ಕ್ಷೌರದವನನ್ನು ಕರೆತಂದು, ಮಾಸ್ತರರ ತಲೆಯನ್ನು ನಾನೇ ಹಿಡಿದುಕೊಂಡು ಕೂತೆ. ಕಿತ್ತ ಹಲ್ಲನ್ನು ತಿರುಗಿಸಿ ನೋಡಿ ಆತ, ಇದು ಗಟ್ಟಿಯಾಗೇ ಇತ್ತಲ್ಲ ಎಂದು ಗೊಣಗಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಯಕ್ಕೆ ಲವಂಗದೆಣ್ಣೆಯ ಅರಳೆ ಒತ್ತಿದೆವು.

ಮೂರನೆಯ ದಿನ ಬೆಳಿಗ್ಗೆ, ಕೂತಲ್ಲೇ ನೋವು ಬಂತು. ದವಡೆ, ಎಡಗೈ, ಎದೆಯ ಮೇಲೆ ಬೀಸುಕಲ್ಲು ಇಟ್ಟಂತೆ ಭಾರ. ಮೈಯೆಲ್ಲ ತಣ್ಣನೆಯ ಬೆವರು. ಗಾಯ ಕೆಟ್ಟಿದೆ ಎಂದು ನಾವು ಮತ್ತೆ ಅದೇ ಅರಳೆ ಇಡುತ್ತ ಹೋದೆವು... ಮಧ್ಯಾಹ್ನದವರೆಗೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿದಾಗ ಗಾಬರಿಯಾಗಿ ಚಕ್ಕಡಿ ಹೂಡಿಸಿ, ಬೈಲಹೊಂಗಲದ ದವಾಖಾನೆಗೆ ಹೊರಟೆವು. ಮಕ್ಕಳು ಸಣ್ಣವು, ವೈನಿ ಬರುವಂತಿರಲಿಲ್ಲ. ಚಕ್ಕಡಿಯ ಹಿಂದೆ ಓಡಿಬಂದು ನನ್ನ ಕೈ ಹಿಡಿದು, “ಉಳಿಸಿಕೊಂಡ ಬಾರಪಾ,” ಎಂದರು.

ದಾರಿಯ ಹಳ್ಳದ ಉಸುಕಿನಲ್ಲಿ ಗಾಲಿ ಹೂತವು. ಚಕ್ಕಡಿಯವನು ಎತ್ತುಗಳನ್ನು ಹೊಡೆದ, ಬೈದ, ಬೇಡಿಕೊಂಡ. ಅಲುಗಲಿಲ್ಲ. ಭಾರ ಇಳಿಸಬೇಕು ಎಂದ. ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ... ಮಾಸ್ತರರನ್ನು ಇಳಿಸಿ, ಹೆಗಲು ಕೊಟ್ಟು, ಆಚೆ ದಂಡೆಯ ಏರು ಹತ್ತಿಸಿದೆ. ಇನ್ನೇನು ಬಂತು, ಇನ್ನೇನು ಬಂತು ಎನ್ನುತ್ತ ಎಳೆದೆ. ಅರ್ಧ ಏರಿನಲ್ಲಿ ಅವರು ನಿಂತರು. ಕೈ ದವಡೆಗೆ ಹೋಯಿತು.

“ಆ ಹಲ್ಲ ಕಿತ್ತ ಒಗದೇವಲ್ಲೋ ತಮ್ಮಾ... ಮತ್ತ ಈಗ ನೋಯಾಕ ಹತ್ತಿದ್ದು ಏನು?”

ನನ್ನ ಹೆಗಲ ಮೇಲೇ ಕುಸಿದರು. ಗಾಲಿ ಮೇಲೆ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಆದರೂ ದವಾಖಾನೆಗೆ ಒಯ್ದೆ. ಡಾಕ್ಟರರು ನಾಡಿ ಹಿಡಿದು ನೋಡಿ ಕೈ ಬಿಟ್ಟರು. ಆಮೇಲೆ ನನ್ನನ್ನು ಕೂರಿಸಿ ಒಂದೊಂದಾಗಿ ಕೇಳಿದರು. ನಡೆದರೆ ನೋವು, ಕೂತರೆ ಆರಾಮವೇ? ಹೌದು. ಚುಟ್ಟಾ ಸೇದುತ್ತಿದ್ದರೇ? ಹೌದು. ತಂದೆ ಹೇಗೆ ತೀರಿಕೊಂಡರು? ಹೊಲದಿಂದ ಬಂದು ಎದೆ ಹಿಡಿದು ಕೂತವರು ಏಳಲಿಲ್ಲವಂತೆ. ಉತ್ತರಗಳೆಲ್ಲ ನನ್ನ ಹತ್ತಿರವೇ ಇದ್ದವು. ಒಂದಕ್ಕೊಂದು ಕೂಡಿಸಿ ನೋಡುವ ಬುದ್ಧಿ ಮಾತ್ರ ಇರಲಿಲ್ಲ. ಕೆಟ್ಟದ್ದು ಹಲ್ಲಲ್ಲ, ಗುಂಡಿಗೆ. ಅದಕ್ಕೆ ರಕ್ತ ಸಾಲದಾದರೆ ನೋವು ದವಡೆಗೂ ಏರುತ್ತದೆ ಎಂದು ತಿಳಿಸಿ ಹೇಳಿದರು. ಕಡೆಗೆ ಮೆಲ್ಲಗೆ, “ಇವರನ್ನ ನಡಸಬಾರದಿತ್ತ್ರಿ,” ಎಂದರು.

ಊರಿಗೆ ಬಂದಾಗ ಜನ ಕ್ಷೌರದವನ ಮೇಲೆ ಹೊರಿಸಿ ಆಗಿತ್ತು, ಹಲ್ಲು ಕಿತ್ತ ಗಾಯದ ನಂಜು ಏರಿತೆಂದು. ಪಾಪ, ಅವನು ತಿಂಗಳೊಳಗೆ ಊರು ಬಿಟ್ಟ. ನಾನು ತುಟಿ ಬಿಚ್ಚಲಿಲ್ಲ. ಅದಕ್ಕೆ ಹೇಡಿತನ ಎನ್ನದೆ ಬೇರೆ ಹೆಸರಿಲ್ಲ. ವೈನಿಯಾದರೋ ಎದುರಾದಾಗಲೆಲ್ಲ, “ಕಡೀತನಕ ಹೆಗಲ ಕೊಟ್ಟಿಯಪಾ,” ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಇವತ್ತು ಹೇಳಿಯೇಬಿಡುತ್ತೇನೆ ಎಂದು ಪ್ರತಿ ಸಲ ಬಾಯಿ ತೆರೆಯುತ್ತಿದ್ದೆ...

ಹೋದ ಶ್ರಾವಣದಲ್ಲಿ ವೈನಿಯೂ ತೀರಿಕೊಂಡರು. ಈಗ ಹೇಳಲು ಧೈರ್ಯ ಬಂದಿದೆ. ಕೇಳಿ ನನ್ನನ್ನು ಬೈಯಬೇಕಾದವರೇ ಉಳಿದಿಲ್ಲ.