ಗೊತ್ತಿಲ್ಲ ಎಂದ ಮುಖ

ಹೆಂಗಸರ ಕಾಲೇಜು ಗಂಡು ಹುಡುಗರಿಗೂ ಬಾಗಿಲು ತೆರೆದ ವರ್ಷ ಮೂವರು ಸೇರಿದರು. ಇಬ್ಬರು ತಿಂಗಳೊಳಗೆ ಕಾಲು ಕಿತ್ತರು. ಉಳಿದವನು ಬಡಗಿಯ ಮಗ. ಅವನ ಅಂಕಕ್ಕೆ ರಸಾಯನಶಾಸ್ತ್ರ ಸಿಕ್ಕಿದ್ದು ಅಲ್ಲೊಂದೇ ಕಡೆ. ಆದರೆ ಬೀದಿಯ ಗೆಳೆಯರಿಗೆ ಊರಾಚೆಯ ಸರ್ಕಾರಿ ಕಾಲೇಜು ಎಂದು ಬುರುಡೆ ಬಿಟ್ಟಿದ್ದ. ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದು ಹಿಂದಿನ ಗೇಟಿನಲ್ಲಿ ನುಸುಳುತ್ತಿದ್ದ. ಗಂಡಸರ ಶೌಚಾಲಯವೇ ಇಲ್ಲದ ಕಟ್ಟಡ. ಅವಸರವಾದರೆ ಎದುರಿನ ಸೈಕಲ್ ಅಂಗಡಿಯವನಿಗೆ ಹಲ್ಲುಗಿಂಜಬೇಕಿತ್ತು.

ಲ್ಯಾಬಿನಲ್ಲಿ ಅವನ ಜೊತೆಗಾತಿ ದರ್ಜಿಯ ಮಗಳು. ಮಾತು ಕಡಿಮೆ, ಕೈ ಚುರುಕು. ಅವನು ಗಾಜಿನ ಕೊಳವೆ ಒಡೆದಾಗ "ಇಬ್ಬರ ಕೈಯೂ ಜಾರಿತು ಮೇಡಂ" ಎಂದು ಬೈಗುಳದಲ್ಲಿ ಪಾಲು ತೆಗೆದುಕೊಂಡವಳು. ಅವನು ಜ್ವರದಿಂದ ಹತ್ತು ದಿನ ಮಲಗಿದಾಗ ಲ್ಯಾಬಿನಲ್ಲೇ ಉಳಿದಿದ್ದ ಅವನ ರೆಕಾರ್ಡ್ ಪುಸ್ತಕದ ಚಿತ್ರಗಳನ್ನೆಲ್ಲ ಅವಳೇ ಬರೆದಳು. ಆಫೀಸಿನಲ್ಲಿ ವಿಳಾಸ ಕೇಳಿಕೊಂಡು ಅವನ ಬೀದಿಗೇ ಬಂದಳು.

ಅಂದು ಜ್ವರ ಬಿಟ್ಟಿತ್ತು. ಅಪ್ಪನ ಅಂಗಡಿಯ ಮೆಟ್ಟಿಲ ಮೇಲೆ ಗೆಳೆಯರೊಡನೆ ಹರಟೆ ಹೊಡೆಯುತ್ತಿದ್ದ.

"ಈಗ ಹೇಗಿದೀರಾ? ನಿಮ್ಮ ರೆಕಾರ್ಡ್ ತಂದಿದೀನಿ. ನಾಳೇನೇ ಸಹಿ ಹಾಕ್ತಾರಂತೆ."

ರಟ್ಟಿನ ಮೇಲೆ ಕಾಲೇಜಿನ ಹೆಸರು ದಪ್ಪಕ್ಷರದಲ್ಲಿತ್ತು. ಗೆಳೆಯನೊಬ್ಬ ಬಗ್ಗಿ ಓದತೊಡಗಿದ, "ಮಹಿಳಾ..."

ಅವನು ಥಟ್ಟನೆ ಅಡ್ಡ ಬಾಯಿ ಹಾಕಿದ. "ಯಾರ್ರೀ ನೀವು? ನಂಗೊತ್ತಿಲ್ಲ. ಮನೆ ತಪ್ಪಿ ಬಂದಿರಬೇಕು."

ಅವಳು ಪುಸ್ತಕದ ಮೇಲಿನ ಹೆಸರು ನೋಡಿದಳು, ಅವನ ಮುಖ ನೋಡಿದಳು. "ಇರಬಹುದು," ಎಂದು ತಿರುಗಿದಳು.

ಅಪ್ಪ ಉಳಿ ಹಿಡಿದೇ ಹೊರಗೆ ಬಂದ. "ನಿಲ್ಲಮ್ಮ, ಮನೆ ಇದೇ. ಇವನು ನನ್ನ ಮಗನೇ." ಪುಸ್ತಕವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮಗನತ್ತ ನೋಡಿದ. "ಇಷ್ಟು ಬರೆದುಕೊಟ್ಟಿದಾಳೆ. ನಿನ್ನ ಬಾಯಿಗೇನಾಗಿತ್ತೋ?"

ಗೆಳೆಯರು ಬಿದ್ದು ಬಿದ್ದು ನಕ್ಕರು. ಅವನು ತಲೆ ಎತ್ತಲಿಲ್ಲ.

ಮರುದಿನ ಲ್ಯಾಬಿನಲ್ಲಿ ಅವಳು ಬೇರೆ ಮೇಜಿಗೆ ಹೋಗಿದ್ದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತಿನೊಡನೆ ಅವನು ಹತ್ತಿರ ಹೋದ.

"ನಿನ್ನೆ..."

"ಸಹಿ ಆಯ್ತಾ?"

"ಆಯ್ತು."

"ಸರಿ ಮತ್ತೆ."

ಗೆಳೆಯರ ಗೇಲಿ ಎರಡು ತಿಂಗಳಿಗೆ ಮುಗಿಯಿತು. ಆಮೇಲೆ ಅವನು ಮುಂದಿನ ಗೇಟಿನಲ್ಲೇ ಓಡಾಡಿದ, ಯಾರೂ ಕತ್ತೆತ್ತಿ ನೋಡಲಿಲ್ಲ. ಅವಳೂ ಮಾತು ಬಿಡಲಿಲ್ಲ. ಮೂರು ವರ್ಷ ಮುಗಿಯುವವರೆಗೆ ನಗುತ್ತಲೇ ಮಾತಾಡಿಸಿದಳು, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವ ಹಾಗೆ. ಅದರ ಬದಲು ಕೆನ್ನೆಗೆ ಎರಡು ಬಿಟ್ಟಿದ್ದರೆ ವಾಸಿಯಿತ್ತು ಎನಿಸುತ್ತಿತ್ತು ಅವನಿಗೆ.

ಈಗ ಕುಡಿಯುವ ನೀರು ಪರೀಕ್ಷಿಸುವ ಕಚೇರಿಯಲ್ಲಿ ಅವನ ತಲೆ ನರೆತಿದೆ. ಹೆಂಡತಿಗೆ ಕಾಲೇಜಿನ ಕಥೆಗಳನ್ನೆಲ್ಲ ಹೇಳಿ ನಗಿಸಿದ್ದಾನೆ, ಇದೊಂದನ್ನು ಬಿಟ್ಟು.